ಮೂರು ಸುತ್ತಿನ ಕೋಟೆ, ಇಪ್ಪತ್ತು ಟ್ಯಾಂಕ್

1985ರ ಸೆಪ್ಟೆಂಬರ್. ಜಪಾನಿನಲ್ಲಿ ನಾಲ್ಕು ದಿನದ ಅಂತರದಲ್ಲಿ ಎರಡು ವಿಡಿಯೋ ಗೇಮ್ ಬಿಡುಗಡೆಯಾದವು. 13ನೇ ತಾರೀಖು ಬಂದದ್ದು ನಿಂಟೆಂಡೊ ಕಂಪನಿಯ ಸೂಪರ್ ಮಾರಿಯೋ ಬ್ರದರ್ಸ್. ಅದನ್ನು ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಅದಕ್ಕಿಂತ ಮೊದಲು, 9ನೇ ತಾರೀಖು, ನ್ಯಾಮ್ಕೊ ಕಂಪನಿ ಇನ್ನೊಂದು ಆಟ ತಂದಿತ್ತು. ಹೆಸರು ಬ್ಯಾಟಲ್ ಸಿಟಿ. ಈ ಹೆಸರು ಹೇಳಿದರೆ ದಾವಣಗೆರೆಯ ನನ್ನ ವಯಸ್ಸಿನವರಿಗೆ ತಟ್ಟನೆ ಗೊತ್ತಾಗುವುದಿಲ್ಲ. ‘ಟ್ಯಾಂಕ್ ಗೇಮ್’ ಅಂದರೆ ಸಾಕು, ಕೂತಲ್ಲೇ ಹೆಬ್ಬೆರಳು ಆಡಿಸುತ್ತಾರೆ.

ನನ್ನನ್ನು ಕೇಳಿದರೆ ಆ ವಾರದ ದೊಡ್ಡ ಆಟ ಟ್ಯಾಂಕೇ. ಮಾರಿಯೋ ಮೇಲೆ ನನಗೆ ಸಿಟ್ಟೇನೂ ಇಲ್ಲ, ಬೇಕಾದಷ್ಟು ಆಡಿದ್ದೇನೆ. ಆದರೆ ಇವತ್ತಿಗೂ ಕೈಗೆ ರಿಮೋಟ್ ಕೊಟ್ಟು ‘ಯಾವುದು ಹಾಕಲಿ’ ಅಂತ ಯಾರಾದರೂ ಕೇಳಿದರೆ ನಾನು ಟ್ಯಾಂಕ್ ಅಂತಲೇ ಹೇಳುವುದು.

ಅಮೆರಿಕದಲ್ಲಿ ನಿಂಟೆಂಡೊ ಯಂತ್ರದ ಕಾಲದಲ್ಲಿ ಈ ಆಟ ಬಿಡುಗಡೆಯೇ ಆಗಲಿಲ್ಲ. ಹಳೆಯ ಗೇಮ್‌ಗಳ ಬಗ್ಗೆ ಬರೆಯುವವರಲ್ಲಿ ಅಲ್ಲಿ ಬೆಳೆದವರೇ ಜಾಸ್ತಿ. ಹಾಗಾಗಿ ಅವರ ಪಟ್ಟಿಗಳಲ್ಲಿ ಟ್ಯಾಂಕ್ ಕಾಣಿಸುವುದು ಅಪರೂಪ. ಸರ್ಕಸ್ ಗೇಮ್ ಅಂತೂ ಇರುವುದೇ ಇಲ್ಲ. ಅದೇ ರಷ್ಯಾದಲ್ಲೋ ಪೋಲೆಂಡಿನಲ್ಲೋ ಚೀನಾದಲ್ಲೋ 90ರ ದಶಕದಲ್ಲಿ ಬೆಳೆದವರನ್ನು ಕೇಳಿ ನೋಡಿ. ಅವರು ಹೇಳುವ ಪಟ್ಟಿಗೂ ನಮ್ಮ ಕೆ.ಟಿ.ಜೆ. ನಗರದ ಹುಡುಗರು ಹೇಳುವ ಪಟ್ಟಿಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಇದು ಹೇಗಾಯಿತು ಅನ್ನುವುದು ನನಗೆ ಬಹಳ ಇಷ್ಟದ ವಿಷಯ.

ಮೂಲ ಯಂತ್ರದ ಹೆಸರು ಫ್ಯಾಮಿಕಾಂ. ನಿಂಟೆಂಡೊ ಅದನ್ನು 1983ರ ಜುಲೈ 15ರಂದು ಜಪಾನಿನಲ್ಲಿ ಮಾರಾಟಕ್ಕೆ ಬಿಟ್ಟಿತು. ಬೆಲೆ 14,800 ಯೆನ್. ಕೆಲವೇ ವರ್ಷಗಳಲ್ಲಿ ತೈವಾನ್, ಚೀನಾ ಕಡೆ ಅದರ ನಕಲುಗಳು ತಯಾರಾಗತೊಡಗಿದವು. ಒಂದೊಂದು ದೇಶದಲ್ಲಿ ಒಂದೊಂದು ಹೆಸರು. ರಷ್ಯಾದಲ್ಲಿ 1992ರಲ್ಲಿ ಡೆಂಡಿ ಅಂತ ಬಂತು. ಪೋಲೆಂಡಿನಲ್ಲಿ ಪೆಗಾಸಸ್. ಚೀನಾದಲ್ಲಿ ಸುಬೋರ್. ನಮ್ಮಲ್ಲಿ ಲಿಟಲ್ ಮಾಸ್ಟರ್ ಹೆಸರಾಗಿತ್ತು. ಅದರ ಜೊತೆಗೆ ಹೆಸರು ದಿಕ್ಕಿಲ್ಲದ ಎಷ್ಟೋ ಪೆಟ್ಟಿಗೆಗಳು ಬಂದವು. ನಮ್ಮ ಮನೆಗೆ ಬಂದದ್ದೂ ಅಂಥದ್ದೇ.

ದಾವಣಗೆರೆ ಆಗ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಪ್ರತ್ಯೇಕ ಜಿಲ್ಲೆ ಆಗಿದ್ದು 1997ರ ಆಗಸ್ಟಿನಲ್ಲಿ. ಅದಕ್ಕೆ ಸ್ವಲ್ಪ ಮುಂಚಿನ ಮಾತು ಇದು. ಅಪ್ಪಾಜಿ ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಆಟಕ್ಕೆ ಅಂತ ದುಡ್ಡು ಬಿಚ್ಚುವವರೇ ಅಲ್ಲ. ಆದರೆ ಆ ಪೆಟ್ಟಿಗೆಗೆ ಕೀಬೋರ್ಡ್ ಇತ್ತು. ಜೊತೆಗೆ ಟೈಪಿಂಗ್ ಕಲಿಸುವ ಒಂದು ಕ್ಯಾಸೆಟ್ಟೂ ಇತ್ತು. ‘ಕಂಪ್ಯೂಟರ್ ಕಲಿತಾರೆ ಸಾರ್ ಮಕ್ಕಳು’ ಅಂತ ಅಂಗಡಿಯವರು ಹೇಳಿದ್ದಕ್ಕೆ ಅವರು ತಂದರು. ಅಮ್ಮ ಅದಕ್ಕೆ ಹೊದಿಸಲು ಒಂದು ಕಸೂತಿ ಬಟ್ಟೆ ಕೂಡ ಹೊಲಿದರು.

ಅದನ್ನು ಟಿವಿಗೆ ಹೊಂದಿಸುವುದೇ ಒಂದು ಕೆಲಸ. ಟಿವಿಯ ಹಿಂದೆ ಆಂಟೆನಾ ವೈರ್ ಕಿತ್ತು ಅಲ್ಲಿ ಒಂದು ಪುಟ್ಟ ಡಬ್ಬಿ ಸಿಕ್ಕಿಸಬೇಕು. ಡಬ್ಬಿಯ ಮೇಲೆ ಟಿವಿ ಅಂತ ಒಂದು ಕಡೆ, ಗೇಮ್ ಅಂತ ಒಂದು ಕಡೆ ಸರಿಸುವ ಬಟನ್. ಆಮೇಲೆ ಟಿವಿ ಮುಂದಿನ ಸಣ್ಣ ಬಾಗಿಲು ತೆಗೆದು, ಒಳಗಿರುವ ಚಕ್ರಗಳಲ್ಲಿ ಒಂದನ್ನು ಹಿಡಿದು ನಿಧಾನವಾಗಿ ತಿರುಗಿಸಬೇಕು. ಮೊದಲು ಬರೀ ಸೊಂಯ್ ಅನ್ನುವ ಸದ್ದು, ಪರದೆ ತುಂಬ ಚುಕ್ಕಿ. ನಂತರ ಓರೆಕೋರೆ ಗೆರೆಗಳು. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಗೆರೆಗಳೆಲ್ಲ ನೇರವಾಗಿ ಚಿತ್ರ ಬಂದು ನಿಲ್ಲುತ್ತಿತ್ತು. ಸಂಗೀತವೂ ಆಗಲೇ ಶುರು. ಒಂದು ಚೂರು ಮುಂದೆ ಹೋದರೆ ಚಿತ್ರ ಇರುತ್ತಿತ್ತು, ಬಣ್ಣ ಇರುತ್ತಿರಲಿಲ್ಲ. ಈ ಕೆಲಸಕ್ಕೆ ನಮ್ಮ ಬೀದಿಯಲ್ಲಿ ಕೈ ಪಳಗಿದ ಒಬ್ಬ ಅಣ್ಣ ಇದ್ದ. ಯಾರ ಮನೆಯಲ್ಲಿ ಗೇಮ್ ಹಾಕಿದರೂ ಅವನನ್ನೇ ಕರೆಯುತ್ತಿದ್ದರು.

ಜೊತೆಗೆ ಬಂದ ಹಳದಿ ಕ್ಯಾಸೆಟ್ ಮೇಲೆ ಕೋಟಿಗೆ ಹತ್ತಿರದ ಒಂದು ಸಂಖ್ಯೆ ಅಚ್ಚಾಗಿತ್ತು. ಅಷ್ಟು ಆಟಗಳು ಅದರೊಳಗೆ ಇವೆ ಅಂತ. ಪಟ್ಟಿಯಲ್ಲಿ ಕೆಳಗೆ ಹೋಗುತ್ತಾ ಹೋದರೆ ಅದೇ ಮಾರಿಯೋ, ಅದೇ ಟ್ಯಾಂಕ್, ಅದೇ ಬೈಕ್ ಬೇರೆ ಬೇರೆ ಹೆಸರಿನಲ್ಲಿ ತಿರುತಿರುಗಿ ಬರುತ್ತಿದ್ದವು. ನಿಜವಾದ ಆಟಗಳು ಬೆರಳೆಣಿಕೆಯಷ್ಟು. ಆದರೆ ಆ ಬೆರಳೆಣಿಕೆಯಲ್ಲಿ ಏನಿದ್ದವು ನೋಡಿ: ಟ್ಯಾಂಕ್, ಮಾರಿಯೋ, ಬಾತುಕೋಳಿ ಹೊಡೆಯುವ ಡಕ್ ಹಂಟ್, ಎಕ್ಸೈಟ್‌ಬೈಕ್, ಕಾರಿನ ರೋಡ್ ಫೈಟರ್, ಸರ್ಕಸ್. ಹೆಚ್ಚುಕಮ್ಮಿ ಎಲ್ಲವೂ 1984ರಿಂದ 86ರ ಒಳಗೆ ಫ್ಯಾಮಿಕಾಂಗೆ ಬಂದವು. ನಾವು ಆಡುವ ಹೊತ್ತಿಗೆ ಅವಕ್ಕೆ ಹತ್ತು ವರ್ಷ ವಯಸ್ಸಾಗಿತ್ತು. ಹೊಸ ಆಟಗಳನ್ನು ಬಿಟ್ಟು ಇವೇ ಯಾಕೆ ಬಂದವು?

ಉತ್ತರ ಗಾತ್ರದಲ್ಲಿದೆ. ಫ್ಯಾಮಿಕಾಂನ ಸಾದಾ ಕ್ಯಾಸೆಟ್ಟಿನಲ್ಲಿ ಹೆಚ್ಚೆಂದರೆ 40 ಕಿಲೋಬೈಟ್ ಹಿಡಿಯುತ್ತಿತ್ತು. ಆಟದ ಲೆಕ್ಕಾಚಾರಕ್ಕೆ 32, ಚಿತ್ರಗಳಿಗೆ 8. ಅದಕ್ಕಿಂತ ದೊಡ್ಡ ಆಟ ಬೇಕಾದರೆ ಕ್ಯಾಸೆಟ್ ಒಳಗೇ ಬೇರೆ ಸರ್ಕ್ಯೂಟ್ ಸೇರಿಸಬೇಕಿತ್ತು. ಮುಂದಿನ ವರ್ಷಗಳ ದೊಡ್ಡ ಆಟಗಳೆಲ್ಲ ಹಾಗೆ ಬಂದವೇ. ಆದರೆ ಮೊದಮೊದಲ ಆಟಗಳು ಈ 40ರ ಒಳಗೇ ಮುಗಿಯುತ್ತಿದ್ದವು. ಮಾರಿಯೋ ಸರಿಯಾಗಿ 40. ಡಕ್ ಹಂಟ್, ಎಕ್ಸೈಟ್‌ಬೈಕ್, ಟ್ಯಾಂಕ್ ಇವೆಲ್ಲ ಬರೀ 24. ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟ ತುಂಬಿ ಅಗ್ಗಕ್ಕೆ ಮಾರುವವನು ಯಾವುದನ್ನು ಆರಿಸುತ್ತಾನೆ? ಚಿಕ್ಕದನ್ನೇ ಅಲ್ವಾ. ನಮ್ಮ ಇಷ್ಟದ ಆಟಗಳನ್ನು ಮೊದಲು ಆರಿಸಿದ್ದು ನಾವಲ್ಲ, ಅವುಗಳ ಗಾತ್ರ. ಮಾಸ್ಕೋದ ಹುಡುಗನಿಗೂ ನನಗೂ ಒಂದೇ ಬಾಲ್ಯ ಸಿಕ್ಕಿದ್ದು ಹೀಗೆ.

24 ಕಿಲೋಬೈಟ್ ಅಂದರೆ ಎಷ್ಟು ಅಂತ ನೋಡಲು ದೂರ ಹೋಗಬೇಕಿಲ್ಲ. ಇಂಟರ್ನೆಟ್ಟಿನಲ್ಲಿ ಕನ್ನಡದ ಒಂದೊಂದು ಅಕ್ಷರಕ್ಕೆ, ಒಂದೊಂದು ಗುಣಿತದ ಚಿಹ್ನೆಗೆ ಮೂರು ಮೂರು ಬೈಟ್ ಹಿಡಿಯುತ್ತದೆ. ಆ ಲೆಕ್ಕದಲ್ಲಿ ನೀವು ಈಗ ಓದುತ್ತಿರುವ ಈ ಬರಹ ಇಡೀ ಟ್ಯಾಂಕ್ ಆಟಕ್ಕಿಂತ ದೊಡ್ಡದು. ಅದರ 35 ಸ್ಟೇಜ್, ಅದರ ಸದ್ದು, ಚಿತ್ರ, ಶತ್ರುಗಳ ಬುದ್ಧಿ ಎಲ್ಲ ಸೇರಿಸಿ ಹೇಳುತ್ತಿದ್ದೇನೆ.

ಕಾಂಟ್ರಾ ಈ ಪಟ್ಟಿಯಲ್ಲಿ ಇಲ್ಲವಲ್ಲ ಅಂತ ಕೇಳುವವರು ಇದ್ದೇ ಇರುತ್ತಾರೆ. 1988ರಲ್ಲಿ ಮನೆಯ ಯಂತ್ರಕ್ಕೆ ಬಂದ ಕಾಂಟ್ರಾ 128 ಕಿಲೋಬೈಟಿನ ಆಟ. ನಮ್ಮ ಬೀದಿಗೆ ಅದು ಬೇರೆ ಕ್ಯಾಸೆಟ್ಟಿನಲ್ಲೇ ಬಂತು. ಅದನ್ನು ಇಟ್ಟುಕೊಂಡ ಮನೆಗೆ ಮರ್ಯಾದೆ ಜಾಸ್ತಿ. ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಬಿ, ಎ. ಹೀಗೆ ಒತ್ತಿದರೆ 30 ಲೈಫ್. ಹದಿಮೂರರ ಮಗ್ಗಿ ಬಾರದವರಿಗೂ ಇದು ಬಾಯಿಗೆ ಬರುತ್ತಿತ್ತು. ಈ ಸಾಲು ಹುಟ್ಟಿದ್ದು ಕಾಂಟ್ರಾಗಾಗಿ ಅಲ್ಲ. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ 1986ರಲ್ಲಿ ಗ್ರೇಡಿಯಸ್ ಅನ್ನುವ ಆಟವನ್ನು ಫ್ಯಾಮಿಕಾಂಗೆ ಇಳಿಸುತ್ತಿದ್ದರು. ಪರೀಕ್ಷೆ ಮಾಡಿ ನೋಡಲು ಆಟ ಬಹಳ ಕಷ್ಟ ಅನ್ನಿಸಿ, ತಮ್ಮ ಕೈಗೆ ಸುಲಭವಾಗುವ ಹಾಗೆ ಈ ಸಾಲು ಇಟ್ಟುಕೊಂಡರು. ಅದು ಆಟದ ಒಳಗೇ ಉಳಿಯಿತು. ಅವರು 2020ರಲ್ಲಿ ತೀರಿಕೊಂಡರು. ಅವರ ಬೆರಳಿನ ಸಾಲು ಪತ್ರಿಕೆ, ಪುಸ್ತಕ, ಇಂಟರ್ನೆಟ್ ಯಾವುದರ ಹಂಗೂ ಇಲ್ಲದೆ ಬಾಯಿಂದ ಬಾಯಿಗೆ ನಮ್ಮೂರ ವಿನೋಬನಗರದ ಸಂದಿಗೊಂದಿಯವರೆಗೆ ಬಂದಿತ್ತು.

ಡಕ್ ಹಂಟ್ ಆಡುವ ಆಟಿಕೆ ಬಂದೂಕಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಡಕ್ ಹಂಟ್ ಆಡುವಾಗ ಬಂದೂಕಿನಿಂದ ಏನೋ ಹೊರಟು ಟಿವಿಗೆ ತಾಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. ನಡೆಯುವುದು ಅದರ ಉಲ್ಟಾ. ಬಂದೂಕಿನ ನಳಿಗೆಯಲ್ಲಿ ಬೆಳಕು ಗುರುತಿಸುವ ಒಂದು ಕಣ್ಣಿದೆ. ಕುದುರೆ ಎಳೆದ ಕೂಡಲೇ ಪರದೆ ಕ್ಷಣಮಾತ್ರ ಪೂರ್ತಿ ಕಪ್ಪಾಗುತ್ತದೆ. ಮರುಕ್ಷಣ ಬಾತುಕೋಳಿ ಇದ್ದ ಜಾಗದಲ್ಲಿ ಮಾತ್ರ ಒಂದು ಬಿಳಿ ಚೌಕ ಮೂಡುತ್ತದೆ. ಬಂದೂಕು ಕಪ್ಪಿನ ಬೆನ್ನಿಗೇ ಬಿಳಿ ಕಂಡರೆ ಕೋಳಿ ಬಿತ್ತು ಅಂತ ಲೆಕ್ಕ. ಸುಮ್ನೆ ಟ್ಯೂಬ್‌ಲೈಟಿಗೆ ಗುರಿ ಇಟ್ಟರೆ ಕೆಲಸ ಆಗದಿರಲು ಕಾರಣ ಈ ಕಪ್ಪು. ಈಗಿನ ಚಪ್ಪಟೆ ಟಿವಿಗಳಲ್ಲಿ ಆ ಹಳೆಯ ಬಂದೂಕು ನಡೆಯುವುದಿಲ್ಲ. ಅದರ ಎಣಿಕೆಯೆಲ್ಲ ಹಳೆಯ ಗಾಜಿನ ಟಿವಿ ಚಿತ್ರ ಬರೆಯುವ ವೇಗಕ್ಕೆ ಕಟ್ಟುಬಿದ್ದಿತ್ತು.

ಮಾರಿಯೋ ಬಗ್ಗೆ ಎರಡು ಮಾತು. ಆಟದಲ್ಲಿ ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ. ಬಿಳಿ ಬಣ್ಣ ಹಾಕಿದರೆ ಮೋಡ, ಹಸಿರು ಹಾಕಿದರೆ ಪೊದೆ. ಜಾಗ ಉಳಿಸಲು ಹೀಗೆ ಮಾಡಿದ್ದಾರೆ. ಗೊತ್ತಾದ ಮೇಲೆ ನನಗೆ ಆ ಆಟದ ಮೇಲೆ ಪ್ರೀತಿ ಹೆಚ್ಚಾಯಿತು. ಇನ್ನೊಂದು, ನಮ್ಮ ದೇಶದ ಟಿವಿಗಳು ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತಿದ್ದವು, ಜಪಾನಿನವು 60 ಸಲ. ನಮ್ಮಂಥ ಟಿವಿಗಳಿಗೆ ಅಂತ ಮಾಡಿದ ನಕಲು ಯಂತ್ರಗಳಲ್ಲಿ ಜಪಾನಿನ ಆಟಗಳು ಆರರಲ್ಲಿ ಒಂದು ಪಾಲು ನಿಧಾನವಾಗಿ ಓಡುತ್ತಿದ್ದವು. ಸಂಗೀತವೂ ಅಷ್ಟೇ. ಕೆಲಸಕ್ಕೆ ಸೇರಿದ ಮೇಲೆ ಕಂಪ್ಯೂಟರಿನಲ್ಲಿ ಮೂಲ ವೇಗದ ಮಾರಿಯೋ ಕೇಳಿದಾಗ ಇದ್ಯಾಕೆ ಇಷ್ಟು ಅವಸರದಲ್ಲಿದೆ ಅನ್ನಿಸಿತ್ತು. ನನ್ನ ಕಿವಿಗೆ ಈಗಲೂ ನಮ್ಮ ಮನೆಯ ನಿಧಾನದ್ದೇ ಸರಿಯಾದ ಮಾರಿಯೋ.

ಈಗ ಟ್ಯಾಂಕಿಗೆ ಬರುತ್ತೇನೆ.

ಅಂಗಳ ಅಡ್ಡಕ್ಕೆ 13 ಮನೆ, ಉದ್ದಕ್ಕೆ 13 ಮನೆ. ಕೆಳಗಿನ ಸಾಲಿನ ನಡುಮನೆಯಲ್ಲಿ ನಾವು ಕಾಯಬೇಕಾದ ಒಂದು ಹದ್ದು. ಅದರ ಸುತ್ತ ತೆಳ್ಳನೆಯ ಇಟ್ಟಿಗೆ ಗೋಡೆ. ಎಡಕ್ಕೆ ಹಳದಿ ಟ್ಯಾಂಕ್, ಬಲಕ್ಕೆ ಹಸಿರು ಟ್ಯಾಂಕ್. ಅವೆರಡು ನಮ್ಮವು. ಮೇಲಿನ ಸಾಲಿನಲ್ಲಿ ಎಡಮೂಲೆ, ನಡು, ಬಲಮೂಲೆ ಹೀಗೆ ಮೂರು ಕಡೆಯಿಂದ ಶತ್ರುಗಳು ಇಳಿಯುತ್ತಾರೆ. ಸ್ಟೇಜಿಗೆ 20 ಟ್ಯಾಂಕ್. ಶುರುವಿನಲ್ಲಿ ಪುಟ್ಟದೊಂದು ಕಹಳೆ. ಅದಾದ ಮೇಲೆ ಸಂಗೀತವೇ ಇಲ್ಲ. ನಿಮ್ಮ ಟ್ಯಾಂಕಿನ ಗುರುಗುರು ಒಂದೇ. ನಿಂತರೆ ಒಂದು ಸದ್ದು, ನಡೆದರೆ ಒಂದು ಸದ್ದು. ಅಡುಗೆ ಮನೆಯಲ್ಲಿದ್ದ ಅಮ್ಮನಿಗೆ ಆ ಸದ್ದಿನಿಂದಲೇ ನಾವು ಯಾವ ಆಟ ಹಾಕಿದ್ದೇವೆ ಅಂತ ತಿಳಿಯುತ್ತಿತ್ತು.

ನನಗೆ ಈ ಆಟದಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಅದರ ಗೋಡೆ. ಒಂದು ಗುಂಡು ಬಿದ್ದರೆ ಇಟ್ಟಿಗೆ ಪೂರ್ತಿ ಮಾಯವಾಗುವುದಿಲ್ಲ. ಒಂದು ಪದರ ಮಾತ್ರ ಉದುರುತ್ತದೆ. ಒಂದು ಮನೆಯಷ್ಟು ದಪ್ಪದ ಗೋಡೆ ಕೊರೆಯಲು ನಾಲ್ಕು ಗುಂಡು ಬೇಕು. ಗೋಡೆ ಯಾರಿಗೂ ಸೇರಿದ್ದಲ್ಲ. ಶತ್ರುವೂ ಒಡೆಯುತ್ತಾನೆ, ನೀವೂ ಒಡೆಯಬಹುದು. ದಾರಿ ಬೇಕಾದರೆ ಒಡೆಯಿರಿ, ಆದರೆ ಆ ದಾರಿಯಲ್ಲಿ ನಾಳೆ ಅವನೂ ಬರುತ್ತಾನೆ. ಎದುರಾಬದುರು ಬಂದ ಎರಡು ಗುಂಡು ಗಾಳಿಯಲ್ಲೇ ಒಂದನ್ನೊಂದು ತಿಂದು ಹಾಕುತ್ತವೆ. ಹಾಗಾಗಿ ಗುಂಡನ್ನು ಗುಂಡಿನಿಂದಲೇ ತಡೆಯಬಹುದು. ಮತ್ತೆ, ನಿಮ್ಮದೇ ಗುಂಡು ತಾಗಿದರೂ ಹದ್ದು ಹೋಯಿತು ಅಂತಲೇ ಅರ್ಥ. ಎಷ್ಟು ಲೈಫ್ ಉಳಿದಿದ್ದರೂ ಆಟ ಅಲ್ಲಿಗೆ ಮುಗೀತು.

ಇದೆಲ್ಲ ಇಬ್ಬರು ಆಡುವಾಗ ಬೇರೆಯೇ ಆಗುತ್ತಿತ್ತು. ಮಾರಿಯೋದಲ್ಲಿ ಇಬ್ಬರು ಆಡುವುದು ಅಂದರೆ ಒಬ್ಬ ಔಟ್ ಆಗುವವರೆಗೆ ಇನ್ನೊಬ್ಬ ಕೈಕಟ್ಟಿ ಕೂರುವುದು. ಟ್ಯಾಂಕಿನಲ್ಲಿ ಇಬ್ಬರೂ ಒಟ್ಟಿಗೇ ಅಂಗಳದಲ್ಲಿ ಇರುತ್ತಾರೆ. ಕಾಯುವುದು ಒಂದೇ ಹದ್ದನ್ನು. ನಿಮ್ಮ ಗುಂಡು ಜೊತೆಗಾರನಿಗೆ ತಾಗಿದರೆ ಅವನು ಸಾಯುವುದಿಲ್ಲ, ಆದರೆ ಸ್ವಲ್ಪ ಹೊತ್ತು ಮಿಣುಕುತ್ತಾ ನಿಂತಲ್ಲೇ ನಿಲ್ಲುತ್ತಾನೆ. ಆ ಸ್ವಲ್ಪ ಹೊತ್ತಿನಲ್ಲಿ ಶತ್ರು ಮೇಲೆ ಬಂದರೆ? ‘ಯಾಕ್ಲೇ ನನಗೆ ಹೊಡೀತಿ, ಕಣ್ಣು ಕಾಣಲ್ಲೇನು!’ ಈ ಮಾತು ಕೇಳಿಸದ ಸಂಜೆ ನಮ್ಮ ಮನೆಯಲ್ಲಿ ಇರಲಿಲ್ಲ.

ಸ್ಟೇಜ್ ಮುಗಿದ ಮೇಲೆ ಲೆಕ್ಕದ ಪರದೆ. ಸಾದಾ ಟ್ಯಾಂಕಿಗೆ 100, ವೇಗದ್ದಕ್ಕೆ 200, ಜೋರು ಗುಂಡಿನದ್ದಕ್ಕೆ 300, ನಾಲ್ಕು ಹೊಡೆತ ತಿನ್ನುವ ಗಟ್ಟಿ ಟ್ಯಾಂಕಿಗೆ 400. ಇಬ್ಬರಲ್ಲಿ ಯಾರು ಜಾಸ್ತಿ ಹೊಡೆದರೋ ಅವರಿಗೆ ಮೇಲೆ 1000. ಅಪ್ಪಾಜಿ ರಾತ್ರಿ ಅಂಗಡಿಯಿಂದ ಬಂದು ಕೈಕಾಲು ತೊಳೆದುಕೊಂಡು ಕುರ್ಚಿಯಲ್ಲಿ ಕೂತು ಈ ಪರದೆಯನ್ನು ಮಾತ್ರ ಗಮನವಿಟ್ಟು ನೋಡುತ್ತಿದ್ದರು. ಅವರಿಗೆ ಆಟದ ಮಿಕ್ಕ ಭಾಗ ಬೇಕಿರಲಿಲ್ಲ. ಸಾಲುಸಾಲಾಗಿ ಅಂಕಿ ಏರುವುದನ್ನು ನೋಡಿ, ಯಂತ್ರ ಮೊತ್ತ ತೋರಿಸುವ ಮೊದಲೇ ಬಾಯಲ್ಲಿ ಹೇಳುತ್ತಿದ್ದರು. ಸರಿಯಾಗಿರುತ್ತಿತ್ತು.

ಬೇಸಿಗೆ ರಜೆಯಲ್ಲಿ ದುರ್ಗದಿಂದ ದೊಡ್ಡಮ್ಮನ ಮಗಳು ಬರುತ್ತಿದ್ದಳು. ನನಗಿಂತ ನಾಲ್ಕು ವರ್ಷ ದೊಡ್ಡವಳು. ನಮ್ಮ ಮನೆಯಲ್ಲಿ ಅವಳನ್ನು ದುರ್ಗದಕ್ಕ ಅಂತಲೇ ಕರೆಯುತ್ತಿದ್ದುದು. ಮೇ ತಿಂಗಳ ದಾವಣಗೆರೆ ಬಿಸಿಲು ಹೇಗೆ ಅಂತ ಊರಿನವರಿಗೆ ಗೊತ್ತು. ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ನೆಲಕ್ಕೆ ನೀರು ಚಿಮುಕಿಸಿ, ಕಿಟಕಿ ಮುಚ್ಚಿ, ಕರೆಂಟ್ ಇದ್ದಷ್ಟು ಹೊತ್ತು ಆಟ. ನಡುವೆ ಪೇಪರಿನ ಮೇಲೆ ಸುರಿದ ಖಾರ ಮಂಡಕ್ಕಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ. ಎಣ್ಣೆ ಕೈ ಒರೆಸಿಕೊಳ್ಳದೆ ರಿಮೋಟ್ ಮುಟ್ಟಿದರೆ ಅವಳ ಕೈಯಲ್ಲಿ ಏಟು ಖಂಡಿತ.

ಟ್ಯಾಂಕ್ ಆಟದ ಮೊದಲ ಪರದೆಯಲ್ಲಿ ಒಬ್ಬರು, ಇಬ್ಬರು ಅನ್ನುವುದರ ಕೆಳಗೆ ಮೂರನೆಯ ಸಾಲೊಂದು ಇತ್ತು. ಅದನ್ನು ಒತ್ತಿದರೆ ಖಾಲಿ ಅಂಗಳ ಬರುತ್ತದೆ. ಇಟ್ಟಿಗೆ, ಉಕ್ಕು, ನೀರು, ಕಾಡು, ಮಂಜುಗಡ್ಡೆ ಇಷ್ಟನ್ನು ಬೇಕಾದ ಮನೆಯಲ್ಲಿ ಇಟ್ಟು ನಮ್ಮದೇ ಸ್ಟೇಜ್ ಕಟ್ಟಬಹುದು. ಬೀದಿಯ ಹುಡುಗರು ಅದರಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಬರೆದು ಬಿಟ್ಟುಬಿಡುತ್ತಿದ್ದರು. ದುರ್ಗದಕ್ಕ ಹೇಳಿದಳು, ‘ಇದ್ರಾಗ ಕೋಟೆ ಕಟ್ಟಾಣ.’

ಏಳು ಸುತ್ತಿನ ಕೋಟೆಯ ಊರಿನವಳು ಬೇರೇನು ಹೇಳಿಯಾಳು? ಆದರೆ ಏಳು ಸುತ್ತು ಹಿಡಿಯುವುದಿಲ್ಲ. ಚೌಕುಳಿ ಲೆಕ್ಕದ ಪುಸ್ತಕದಲ್ಲಿ 13 ಮನೆ ಗೆರೆ ಹಾಕಿ ಲೆಕ್ಕ ಮಾಡಿದೆವು. ನಡುವೆ ಹದ್ದು. ಅದರ ಎರಡೂ ಪಕ್ಕ ಆರಾರು ಮನೆ. ಒಂದು ಗೋಡೆ, ಒಂದು ಓಣಿ, ಒಂದು ಗೋಡೆ, ಒಂದು ಓಣಿ, ಇನ್ನೊಂದು ಗೋಡೆ, ಕೊನೆಗೊಂದು ಓಣಿ. ಆರು ಮನೆ ಸರಿಹೋಯಿತು. ಮೂರು ಸುತ್ತು. ನಮ್ಮ ಟ್ಯಾಂಕುಗಳು ಹುಟ್ಟುವ ಜಾಗ ಹದ್ದಿನಿಂದ ಎರಡನೇ ಮನೆ. ಅಂದರೆ ಸರಿಯಾಗಿ ಮೊದಲ ಓಣಿಯ ಒಳಗೆ. ಯಾರೋ ಇದಕ್ಕೇ ಅಳತೆ ಮಾಡಿ ಇಟ್ಟ ಹಾಗಿತ್ತು.

ಉಕ್ಕಿನ ಗೋಡೆ ಹಾಕಬಾರದು ಅಂತ ಅಕ್ಕ ಕಟ್ಟುನಿಟ್ಟು ಮಾಡಿದ್ದಳು. ಹದ್ದಿನ ಸುತ್ತ ಉಕ್ಕು ಇಟ್ಟರೆ ಯಾವನೂ ಒಳಗೆ ಬರಲಾರ, ಆಗ ಆಡುವುದಾದರೂ ಏನನ್ನು? ಹಾಗಾಗಿ ಎಲ್ಲ ಇಟ್ಟಿಗೆ. ಪ್ರತಿ ಸುತ್ತಿನಲ್ಲೂ ಒಂದೊಂದು ಮನೆ ಖಾಲಿ ಬಿಡುತ್ತಿದ್ದಳು. ಅದಕ್ಕೆ ಅವಳು ಇಟ್ಟ ಹೆಸರು ಓಬವ್ವನ ಕಿಂಡಿ. ಇಟ್ಟಿಗೆ ಕೊರೆಯುವ ತಾಳ್ಮೆ ಶತ್ರುಗಳಿಗೆ ಇರುತ್ತಿರಲಿಲ್ಲ ಅಂತಲ್ಲ, ಕೊರೆಯುತ್ತಲೇ ಇದ್ದರು. ಆದರೂ ತೆರೆದ ದಾರಿ ಸಿಕ್ಕಾಗ ಅದರಲ್ಲೇ ನುಗ್ಗುತ್ತಿದ್ದರು. ಕಿಂಡಿಯಲ್ಲಿ ಹಿಡಿಯುವುದು ಒಂದು ಸಲಕ್ಕೆ ಒಂದು ಟ್ಯಾಂಕ್. ಅಕ್ಕ ಒಳಗಿನ ಓಣಿಯಲ್ಲಿ ಕಿಂಡಿಯ ಪಕ್ಕಕ್ಕೆ ನಿಂತು ಕಾಯುತ್ತಿದ್ದಳು. ಮೂತಿ ಕಂಡ ಕೂಡಲೇ ಹೊಡೆತ. ಹೊರಗೆ ಹೋಗಿ ಬೇಟೆಯಾಡುವುದು ನನ್ನ ಕೆಲಸ. ‘ಲೇ ತಮ್ಮಾ, ಹೋಗು, ಹೊಳೆಯೋದು ಬಂತು ನೋಡು’ ಅಂತ ಕಳಿಸುತ್ತಿದ್ದಳು. ಕೆಂಪಗೆ ಮಿನುಗುವ ಟ್ಯಾಂಕ್ ಹೊಡೆದರೆ ಅಂಗಳದಲ್ಲಿ ಏನಾದರೊಂದು ಬೀಳುತ್ತದೆ. ನಕ್ಷತ್ರ ಸಿಕ್ಕರೆ ಗುಂಡಿಗೆ ವೇಗ. ಗಡಿಯಾರ ಸಿಕ್ಕರೆ ಶತ್ರುಗಳೆಲ್ಲ ನಿಂತಲ್ಲೇ ಕಲ್ಲು. ಸಲಿಕೆ ಸಿಕ್ಕರೆ ಹದ್ದಿನ ಗೋಡೆ ಸ್ವಲ್ಪ ಹೊತ್ತು ಉಕ್ಕಾಗುತ್ತದೆ. ಆ ಉಕ್ಕಿಗೆ ಮಾತ್ರ ಅಕ್ಕನ ಒಪ್ಪಿಗೆ ಇತ್ತು, ಯಾಕೆಂದರೆ ಅದನ್ನು ದುಡಿದು ಗಳಿಸಿದ್ದು.

ಕಟ್ಟಿದ ಕೋಟೆಯನ್ನು ಉಳಿಸಿಕೊಳ್ಳಲು ಯಂತ್ರದಲ್ಲಿ ಯಾವ ಏರ್ಪಾಡೂ ಇರಲಿಲ್ಲ. ಕರೆಂಟ್ ಹೋದರೆ ಕೋಟೆಯೂ ಹೋಯಿತು. ಆಗ ಕರೆಂಟ್ ಹೋಗುವುದು ದಿನದ ಮಾತು. ಲೆಕ್ಕದ ಪುಸ್ತಕ ನೋಡಿಕೊಂಡು ಮತ್ತೆ ಕಟ್ಟುತ್ತಿದ್ದೆವು. ಪ್ರತಿ ಸಲ ಕಟ್ಟುವಾಗಲೂ ಏನಾದರೊಂದು ಬದಲಾಗುತ್ತಿತ್ತು. ಮೂರೂ ಕಿಂಡಿಗಳನ್ನು ಒಂದೇ ನೇರಕ್ಕೆ ಇಟ್ಟರೆ ಮೇಲಿನ ಸಾಲಿನಿಂದ ಹೊಡೆದ ಗುಂಡು ತಡೆಯಿಲ್ಲದೆ ಹದ್ದಿನವರೆಗೆ ಬರುತ್ತದೆ. ಅದಕ್ಕೇ ಒಂದು ಎಡಕ್ಕೆ, ಒಂದು ಬಲಕ್ಕೆ, ಮತ್ತೊಂದು ಎಡಕ್ಕೆ. ದುರ್ಗದ ಕೋಟೆಗೆ ಹೋದವರು ನೆನಪಿಸಿಕೊಳ್ಳಿ, ಬಾಗಿಲಿಂದ ಬಾಗಿಲಿಗೆ ದಾರಿ ಹಾವಿನಂತೆ ತಿರುಗುತ್ತದೆ. ಒಂದು ಬಾಗಿಲಲ್ಲಿ ನಿಂತರೆ ಮುಂದಿನದು ಕಾಣುವುದಿಲ್ಲ. ಅಕ್ಕ ಅಲ್ಲಿ ದಿನಾ ಆಡಿ ಬೆಳೆದವಳು. ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಇಷ್ಟೆಲ್ಲ 24 ಕಿಲೋಬೈಟಿನಲ್ಲಿ. ಜಾಗ ಇಲ್ಲದ್ದರಿಂದ ಅದನ್ನು ಮಾಡಿದವರು ಕಥೆ ಹೇಳಲಿಲ್ಲ, ಮಾತು ಆಡಿಸಲಿಲ್ಲ. ಇಟ್ಟಿಗೆಗೆ ಒಂದು ಗುಣ, ನೀರಿಗೆ ಒಂದು ಗುಣ, ಗುಂಡಿಗೆ ಒಂದು ಗುಣ ಕೊಟ್ಟು ನಮ್ಮ ಕೈಗೆ ಬಿಟ್ಟರು. ಉಳಿದದ್ದನ್ನು ದುರ್ಗದ ಒಬ್ಬ ಹುಡುಗಿ ತಾನೇ ತುಂಬಿಕೊಂಡಳು. ಈಗಿನ ಆಟಗಳು ಇದಕ್ಕಿಂತ ಲಕ್ಷಾಂತರ ಪಟ್ಟು ದೊಡ್ಡವು. ಅವುಗಳಲ್ಲಿ ನನಗೆ ಇಷ್ಟವಾದವು ಬಹಳ ಇವೆ. ಆದರೆ ನನ್ನಿಂದ ಇಷ್ಟನ್ನು ಕೇಳಿದ ಆಟ ಕಡಿಮೆ.

ಹೋದ ದೀಪಾವಳಿಗೆ ಅಕ್ಕ ಮಗಳನ್ನು ಕರೆದುಕೊಂಡು ಬಂದಿದ್ದಳು. ಲ್ಯಾಪ್‌ಟಾಪಿನಲ್ಲಿ ಟ್ಯಾಂಕ್ ಹಾಕಿ ಕೊಟ್ಟೆ. ಹುಡುಗಿಗೆ ಹತ್ತು ವರ್ಷ. ಎರಡು ಸ್ಟೇಜ್ ಆಡಿದ ಮೇಲೆ ಮೂರನೇ ಸಾಲು ಅವಳೇ ಹುಡುಕಿಕೊಂಡಳು. ನಾವು ಯಾರೂ ಬಾಯಿ ಬಿಡಲಿಲ್ಲ. ಅವಳು ಗೋಡೆ ಬಿಟ್ಟು ನೇರವಾಗಿ ನೀರಿಗೆ ಹೋದಳು. ಹದ್ದಿನ ಸುತ್ತ ದೊಡ್ಡ ಕಂದಕ. ನೀರಿನಲ್ಲಿ ಟ್ಯಾಂಕ್ ಬರಲ್ಲ ಅನ್ನುವುದು ಅವಳ ಲೆಕ್ಕ. ಅಷ್ಟರ ಮಟ್ಟಿಗೆ ಸರಿ. ಅಕ್ಕ ಒಬ್ಬಟ್ಟು ತಟ್ಟುತ್ತಿದ್ದವಳು ಅಲ್ಲಿಂದಲೇ ಕತ್ತು ಚಾಚಿ ನೋಡಿ ಕೂಗಿದಳು: ‘ನೀರಿನ ಮೇಲೆ ಗುಂಡು ಹಾದು ಬರ್ತದೆ ಕಣೇ, ಹಿಂದ್ಗಡೆ ಇಟ್ಟಿಗೆ ಹಾಕು!’